ಮಾವನ ಲಾಡ್ಜೂ ಸ್ಲ್ಯಾಷ್ ಮೂವತ್ತೂ

ನಮ್ಮ ಸೋದರಮಾವ ಮೈಸೂರಿನಲ್ಲಿ ಲಾಡ್ಜ್ ತೆರೆಯುವ ಮೊದಲು ಸೈಟು ವ್ಯಾಪಾರದಲ್ಲಿದ್ದವರಾದ್ದರಿಂದ, ಇಪ್ಪತ್ತು–ಮೂವತ್ತರ ಸೈಟಿಗಿಂತ ಮೂವತ್ತು–ನಲವತ್ತರದು ದೊಡ್ಡದೆಂಬ ಲೆಕ್ಕ ಅವರಿಗೆ ರಕ್ತಗತ. ದಸರಾಕ್ಕೆ ರೂಮುಗಳೆಲ್ಲ ಭರ್ತಿಯಾದಾಗ ವೈಫೈ ಹಂಚುವ ರೌಟರಿನ ಸೆಟ್ಟಿಂಗ್ ತೆರೆದು, ಅಲ್ಲಿದ್ದ 192.168.1.1/24 ಎಂಬುದರ ಬಾಲದ 24 ಸಾಲದೆಂದು ತೀರ್ಮಾನಿಸಿ, ಧಾರಾಳವಾಗಿ 30 ಮಾಡಿದರು.

ನೆಟ್ಟಿಗೆ ಸೇರುವ ಪ್ರತಿ ಸಾಧನಕ್ಕೂ ಬೇಕಾದ ಗುರುತಿನ ಸಂಖ್ಯೆಯೇ ಐಪಿ ವಿಳಾಸ. ಮಾವ ಕೈಹಾಕಿದ ಈ ಬಗೆಯದರಲ್ಲಿರುವುದು ಒಟ್ಟು 32 ಬಿಟ್, ಅಂದರೆ 0 ಅಥವಾ 1 ಕೂರುವ 32 ಮನೆ. ಸ್ಲ್ಯಾಷ್ ಮುಂದಿನ ಅಂಕಿ ಅದರಲ್ಲಿ ಎಷ್ಟು ಬಿಟ್ ನೆಟ್‌ವರ್ಕಿಗೇ ಮೀಸಲೆಂದು ಹೇಳುತ್ತದೆ, ಉಳಿದದ್ದಷ್ಟೇ ಸಾಧನಗಳಿಗೆ. 24 ಇದ್ದಾಗ 8 ಬಿಟ್ ಉಳಿದು 256 ವಿಳಾಸಗಳಾಗುತ್ತವೆ. 30 ಮಾಡಿದರೆ ಉಳಿಯುವ 2 ಬಿಟ್‌ಗೆ ಸಿಗುವುದು ನಾಲ್ಕೇ ವಿಳಾಸ. ಅವುಗಳಲ್ಲಿ ಮೊದಲನೆಯದು ನೆಟ್‌ವರ್ಕಿನ ಗುರುತಿಗೆ, ಕೊನೆಯದು ಬ್ರಾಡ್‌ಕಾಸ್ಟಿಗೆ (ಎಲ್ಲ ಸಾಧನಗಳಿಗೂ ಒಟ್ಟಿಗೆ ಸಂದೇಶ ಕಳಿಸಲು), ಇನ್ನೊಂದು ರೌಟರಿಗೆ ಹೋಗಿ, ಉಳಿದ ಒಂದೇ ಒಂದನ್ನು ಮಾವನ ಮೊಬೈಲು ಹಿಡಿದುಕೊಂಡಿತು. ಹೀಗಾಗಿ ಇಡೀ ಲಾಡ್ಜಿನಲ್ಲಿ ಅವರೊಬ್ಬರಿಗೆ ಇಂಟರ್ನೆಟ್ ಹಿಂದೆಂದೂ ಕಾಣದ ವೇಗದಲ್ಲಿ ಓಡುತ್ತಿತ್ತು. ಕೌಂಟರಿಗೆ ಬಂದು ಜಗಳ ತೆಗೆದ ಅತಿಥಿಗಳೆಲ್ಲ ಬಾಡಿಗೆ ತಪ್ಪಿಸಲು ನಾಟಕವಾಡುತ್ತಿದ್ದಾರೆಂದು ಅವರು ದೃಢವಾಗಿ ನಂಬಿದ್ದರು.

ಫೋನಿನಲ್ಲಿ ನಾನು, 24ಕ್ಕಿಂತ ಒಂದು ಕಡಿಮೆಯಾದರೆ ಸಾಧನಗಳಿಗೆ ಒಂದು ಬಿಟ್ ಹೆಚ್ಚಿ ವಿಳಾಸಗಳು ದುಪ್ಪಟ್ಟಾಗುತ್ತವೆಂದು, 23 ಹಾಕಲು ಹೇಳಿದೆ. "ಒಂದು ಕಡಿಮೆ ಮಾಡಿದರೆ ದುಪ್ಪಟ್ಟಾಗುತ್ತದೆ ಅನ್ನುತ್ತೀಯಲ್ಲ, ನಿನ್ನನ್ನು ಎಂಜಿನಿಯರಿಂಗ್ ಓದಿಸಿದವರು ಯಾರಯ್ಯಾ?" ಎಂದರು. ಓದಿಸಿದವರು ಅವರೇ. ಆದರೂ 512 ವಿಳಾಸಗಳಾಗಿ ಗಲಾಟೆ ತಣ್ಣಗಾಯಿತು. (ಸ್ಲ್ಯಾಷ್ 23 ಎಂಬುದನ್ನೇ 255.255.254.0 ಎಂದು ಬರೆಯುವ ಹಳೆಯ ರೂಢಿಯನ್ನು ಅವರಿಗೆ ತಿಳಿಸುವ ಧೈರ್ಯ ನನಗಾಗಲಿಲ್ಲ.)

ಮುಂದೆ ಸಿಸಿ ಕ್ಯಾಮೆರಾಗಳನ್ನು ಹೊರಗಿನಿಂದ ನೋಡಲೆಂದು ಇಂಟರ್ನೆಟ್ ಕಂಪನಿಯೊಂದರಿಂದ, ಹೊರಗಿನಿಂದಲೂ ನೇರ ತಲುಪಬಹುದಾದ ವಿಳಾಸಗಳ ಒಂದು ಸ್ಲ್ಯಾಷ್ 29 ಕೊಂಡರು. ಎಂಟು ವಿಳಾಸಕ್ಕೆ ಹಣ ಕಟ್ಟಿ, ಕೈಗೆ ಬಂದದ್ದು ಐದು. ಮೊದಲನೆಯದು, ಕೊನೆಯದು, ಕಂಪನಿಯ ರೌಟರಿನದು ಕಳೆದವೆಂದು ವಿವರಿಸಹೊರಟರೆ, ಅವರು ನನಗಿಂತ ಮೊದಲೇ "ಗೊತ್ತಾಯಿತು ಬಿಡು, ಲೇಔಟಿನಲ್ಲಿ ರಸ್ತೆಗೂ ಪಾರ್ಕಿಗೂ ಜಾಗ ಬಿಡಬೇಕಲ್ಲ" ಎಂದರು. ಅವರಷ್ಟು ಸಲೀಸಾಗಿ ಇದನ್ನು ಒಪ್ಪಿಕೊಂಡ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ.

ಮೊನ್ನೆ ಅದೇ ಕಂಪನಿಯವರು ಐಪಿವಿ6 ಕೊಡುತ್ತೇವೆ, ಸ್ಲ್ಯಾಷ್ 64 ಉಚಿತ ಎಂದರಂತೆ. ಐಪಿವಿ6 ಎಂದರೆ ಐಪಿ ವಿಳಾಸದ ಹೊಸ ಪದ್ಧತಿ, ಅಲ್ಲಿ ವಿಳಾಸವೇ 128 ಬಿಟ್ಟಿನದು. 64 ಕಳೆದರೂ ಉಳಿಯುವ ವಿಳಾಸಗಳ ಸಂಖ್ಯೆಯನ್ನು ಬರೆಯಲು 20 ಅಂಕಿ ಬೇಕು. ಆದರೆ ಮಾವ ಈಗ ಪಾಠ ಕಲಿತವರು. "ಮೂವತ್ತಕ್ಕೇ ನನ್ನ ಲಾಡ್ಜ್ ಮುಚ್ಚುವ ಹಾಗಾಗಿತ್ತು, ಅರವತ್ನಾಲ್ಕು ನಿಮ್ಮ ಹತ್ತಿರವೇ ಇರಲಿ" ಎಂದು ಅವರನ್ನು ಕಾಫಿಯನ್ನೂ ಕೊಡದೆ ಕಳಿಸಿದ್ದಾರೆ.