ಆಸ್ಪತ್ರೆಯ ರೆಡ್‌ಶಿಫ್ಟ್

ನಮ್ಮ ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂದು ಕೂಗಿ ಕೂಗಿ ಜನರ ಗಂಟಲು ಕಟ್ಟಿದೆ. ಭಟ್ಕಳದವರು ಮಣಿಪಾಲಕ್ಕೆ, ಕಾರವಾರದವರು ಗೋವಾಕ್ಕೆ, ಶಿರಸಿಯವರು ಹುಬ್ಬಳ್ಳಿಗೆ ಓಡುವುದು ತಪ್ಪಿಲ್ಲ. ಹಾಗಂತ ಆಸ್ಪತ್ರೆ ಕೊಡುವುದಿಲ್ಲ ಎಂದು ಯಾರೂ ಹೇಳಿಲ್ಲ. ಅದು ಬರುತ್ತದೆ. ಸದ್ಯಕ್ಕೆ ದೂರ ಹೋಗುತ್ತಿದೆ, ಅಷ್ಟೇ.

1929ರಲ್ಲಿ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ಕಂಡದ್ದೂ ಇಂಥದ್ದನ್ನೇ. ಗ್ಯಾಲಕ್ಸಿ ದೂರ ಇದ್ದಷ್ಟೂ ಅದರ ಬೆಳಕು ಕೆಂಪಿನ ಕಡೆಗೆ ಜಾಸ್ತಿ ಸರಿದಿರುತ್ತದೆ. ಗ್ಯಾಲಕ್ಸಿಗಳು ನಮ್ಮಿಂದ ದೂರ ಓಡುತ್ತಿವೆ ಎಂಬುದು ಇದರ ನೇರ ಅರ್ಥ. ಆದರೂ ಈ ರೆಡ್‌ಶಿಫ್ಟಿಗೆ ಕಾರಣ ಏನು ಎಂದು ವಿಜ್ಞಾನಿಗಳು ದಶಕಗಟ್ಟಲೆ ಕಿತ್ತಾಡಿದರು. ಸುಮ್ನೆ ಕಷ್ಟಪಟ್ಟರು. ನಮ್ಮ ಜಿಲ್ಲೆಯ ಒಂದು ಪ್ರಗತಿ ಪರಿಶೀಲನಾ ಸಭೆಗೆ ಬಂದಿದ್ದರೆ ಎಲ್ಲ ಕಾರಣಗಳೂ ಊಟದ ಹೊತ್ತಿಗೆ ಸಿಗುತ್ತಿದ್ದವು.

ಅದೇ ವರ್ಷ ಇನ್ನೊಬ್ಬ ಖಗೋಳ ವಿಜ್ಞಾನಿ ಫ್ರಿಟ್ಜ್ ಜ್ವಿಕಿ ಬೇರೆ ಮಾತು ತೆಗೆದರು. ಯಾವುದೂ ಓಡಿಹೋಗುತ್ತಿಲ್ಲ, ಬೆಳಕೇ ದಾರಿಯಲ್ಲಿ ಶಕ್ತಿ ಕಳೆದುಕೊಂಡು ದಣಿಯುತ್ತದೆ ಎಂದರು. ನಮ್ಮ ಅಧಿಕಾರಿಗಳು ಜ್ವಿಕಿ ಪಂಗಡದವರು. ಫೈಲು ಬೆಂಗಳೂರಿನಿಂದ ಹೊರಟಿದೆ, ಘಟ್ಟ ಇಳಿಯುವಾಗ ಸುಸ್ತಾಗಿದೆ. ಮಳೆಗಾಲದಲ್ಲಿ ಗುಡ್ಡ ಬೇರೆ ಕುಸಿಯುತ್ತದೆ, ಅಲ್ವಾ?

ಅಮೆರಿಕದ ಖಗೋಳ ವಿಜ್ಞಾನಿ ಹಾಲ್ಟನ್ ಆರ್ಪ್ ಇನ್ನೂ ಮುಂದೆ ಹೋದರು. ಎಷ್ಟೋ ಕ್ವೇಸಾರ್‌ಗಳ (ಗ್ಯಾಲಕ್ಸಿಗಳ ನಡುವಿನ ಅತಿ ಪ್ರಖರ ಕೇಂದ್ರಗಳ) ಕೆಂಪಿಗೆ ದೂರ ಕಾರಣವೇ ಅಲ್ಲ, ಅದು ಹುಟ್ಟುಗುಣ ಎಂದರು. ಆಕಾಶದ ಮಟ್ಟಿಗೆ ಈ ವಾದ ನಿಲ್ಲಲಿಲ್ಲ. ಬಜೆಟ್ ಘೋಷಣೆಗಳ ಮಟ್ಟಿಗೆ ನಾನು ಆರ್ಪ್ ಪರ. 1980ರ ದಶಕದಲ್ಲಿ ಅಮೆರಿಕದ ಪಾಲೊಮಾರ್ ವೀಕ್ಷಣಾಲಯದಲ್ಲಿ ಅವರಿಗೆ ದೂರದರ್ಶಕ ಕೊಡುವುದನ್ನೇ ನಿಲ್ಲಿಸಿದರು, ಪಾಪ, ಜರ್ಮನಿಗೆ ಹೋಗಬೇಕಾಯಿತು. ನಮ್ಮಲ್ಲಿ ಅಷ್ಟು ದೂರ ಅಟ್ಟಬೇಕಿಲ್ಲ. ಮೈಕ್ ಆಫ್ ಮಾಡಿದರೆ ಸಾಕು.

ದಣಿದ ಬೆಳಕಿನ ಕಥೆಯನ್ನು ಮುಗಿಸಿದ್ದರಲ್ಲಿ ಸೂಪರ್‌ನೋವಾಗಳ, ಅಂದರೆ ಸಿಡಿಯುವ ನಕ್ಷತ್ರಗಳ, ಪಾಲು ದೊಡ್ಡದು. ದೂರದ ಸೂಪರ್‌ನೋವಾ ನಮ್ಮ ಕಣ್ಣಿಗೆ ನಿಧಾನವಾಗಿ ಮಂಕಾಗುತ್ತದೆ. ಬೆಳಕು ಬರೀ ದಣಿದಿದ್ದರೆ ಹೀಗಾಗುತ್ತಿರಲಿಲ್ಲ. ನಡುವಿನ ಜಾಗವೇ ಹಿಗ್ಗಿದೆ, ಜೊತೆಗೆ ಕಾಲವೂ ಎಳೆದಂತೆ ಕಾಣುತ್ತದೆ. ಮನವಿಪತ್ರ ಹಿಡಿದು ಅಲೆದವರಿಗೆ ಇದನ್ನು ಯಾರೂ ಕಲಿಸಬೇಕಿಲ್ಲ. ತಾಲೂಕಿನ ‘ನಾಳೆ ಬನ್ನಿ’ ಅಂದರೆ ಒಂದು ವಾರ, ಜಿಲ್ಲೆಯದ್ದು ಆರು ತಿಂಗಳು, ರಾಜಧಾನಿಯದ್ದು ಮುಂದಿನ ಸರ್ಕಾರ.

ಎಲ್ಲವೂ ದೂರವೇ ಹೋಗುತ್ತದೆ ಎಂದೇನಿಲ್ಲ. ಆಂಡ್ರೊಮಿಡಾ ಗ್ಯಾಲಕ್ಸಿ ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ನಮ್ಮ ಗ್ಯಾಲಕ್ಸಿಯ ಕಡೆಗೇ ಬರುತ್ತಿದೆ. ಚುನಾವಣೆ ಹೊತ್ತಿಗೆ ಆಸ್ಪತ್ರೆಯೂ ಹೀಗೇ ಬರುತ್ತದೆ. ಜಾಗ ನೋಡುತ್ತಾರೆ, ಟೇಪು ಹಿಡಿಯುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಆಂಡ್ರೊಮಿಡಾ ಇನ್ನು 1000 ಕೋಟಿ ವರ್ಷದೊಳಗೆ ನಮ್ಮ ಗ್ಯಾಲಕ್ಸಿಗೆ ಡಿಕ್ಕಿ ಹೊಡೆಯುವ ಸಾಧ್ಯತೆ ಹೆಚ್ಚುಕಮ್ಮಿ ಅರ್ಧಕ್ಕರ್ಧ ಎಂದು 2025ರಲ್ಲಿ ಲೆಕ್ಕ ಹಾಕಿದ್ದಾರೆ. ಆಸ್ಪತ್ರೆ ಬಗ್ಗೆ ಇಷ್ಟು ಧೈರ್ಯವಾಗಿ ಯಾರೂ ಹೇಳಿಲ್ಲ.