ನಮ್ಮ ಅಯ್ಯನವರ ಪ್ರಸಂಗ

ಭಾನುವಾರ ಚರ್ಚಿನ ಆರಾಧನೆಗೆ ಹೊರಡುವ ಹೊತ್ತಿಗೆ ನಮ್ಮ ಸಭೆಯ ಅರ್ಧ ಜನ ಆಗಲೇ ಎರಡು ಪ್ರಸಂಗ, ಅಂದರೆ ಧರ್ಮೋಪದೇಶ, ಕೇಳಿ ಮುಗಿಸಿರುತ್ತಾರೆ. ಕಾಫಿ ಕುಡಿಯುತ್ತಾ ಯೂಟ್ಯೂಬ್‌ನಲ್ಲಿ ಒಂದು, ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ತುಣುಕು ಇನ್ನೊಂದು. ಅಲ್ಲಿ ಪ್ರಸಂಗಿ ಜೋರಾದ ಕೋಟು ಹಾಕಿರುತ್ತಾರೆ. ಹಿಂದೆ ಬಣ್ಣದ ಲೈಟು. ಬೇಕಾದ ಕಡೆ ಕೀಬೋರ್ಡು ಕೂಡ ಮೆಲ್ಲಗೆ ಅಳುತ್ತದೆ. ಇಷ್ಟೆಲ್ಲ ಕೇಳಿ ಬಂದು ಬೆಂಚಿನ ಮೇಲೆ ಕೂತರೆ ಎದುರಿಗೆ ನಮ್ಮ ಸಭೆಯ ಪಾದ್ರಿ, ನಮ್ಮ ಅಯ್ಯನವರು. ಮೈಕು ಕುಯ್ಯೋ ಅನ್ನುತ್ತದೆ. ಅದಕ್ಕೆ ಎರಡು ಏಟು ಕೊಟ್ಟು, ಕನ್ನಡಕ ಸರಿ ಮಾಡಿಕೊಂಡು, 'ಇಂದಿನ ಧ್ಯಾನಕ್ಕಾಗಿ' ಅಂತ ಶುರು ಮಾಡುತ್ತಾರೆ.

ಮುಗಿದ ಮೇಲೆ ಗೇಟಿನ ಹತ್ತಿರ ವಿಮರ್ಶೆ. 'ಹೇಗಿತ್ತು?' 'ಹ್ಞೂಂ, ಪರವಾಗಿಲ್ಲ.' ಅದೇ ವರ್ಷಕ್ಕೊಮ್ಮೆ ಹೊರಗಿನಿಂದ ಯಾರಾದರೂ ಬಂದು ಮಾತಾಡಿದರೆ, 'ಏನ್ ಪ್ರಸಂಗ ಸಾರ್, ಏನ್ ಪ್ರಸಂಗ!' ಹಿತ್ತಲ ಗಿಡ ಮದ್ದಲ್ಲ ಅಂದವರು ನಮ್ಮ ಗೇಟಿನ ಹತ್ತಿರ ನಿಂತೇ ಅಂದಿರಬೇಕು.

ಬಂದುಹೋಗುವ ಪ್ರಸಂಗಿಗಳ ಬಗ್ಗೆ ನನಗೆ ಬೇಜಾರಿಲ್ಲ. ಆದರೆ ಅವರಿಗಿರುವ ಅನುಕೂಲ ನೋಡಿ. ಚೆನ್ನಾಗಿ ಮಾಗಿದ ನಾಲ್ಕು ಪ್ರಸಂಗ ಬ್ಯಾಗಿನಲ್ಲಿದ್ದರೆ ಸಾಕು, ಮೈಸೂರು, ಮಂಡ್ಯ, ಹಾಸನ ಎಲ್ಲ ಸುತ್ತಬಹುದು. ಒಂದು ಊರಲ್ಲಿ ನಗಿಸಿದ ಜೋಕು ಇನ್ನೊಂದು ಊರಲ್ಲೂ ನಗಿಸುತ್ತದೆ. ನಮ್ಮ ಅಯ್ಯನವರಿಗೆ ಆ ಭಾಗ್ಯ ಇಲ್ಲ. ವರ್ಷದ 52 ಭಾನುವಾರ, ಈಸ್ಟರ್‌ಗೆ ಮುಂಚಿನ ಲೆಂಟ್ ಕಾಲದ ಕೂಟಗಳು, ಮದುವೆ, ಮಣ್ಣು, ಗೃಹಪ್ರವೇಶ, ಎಲ್ಲದಕ್ಕೂ ಅದೇ ಬಾಯಿ, ಅದೇ ಕಿವಿಗಳು. ಇಷ್ಟವಾದ ವಾಕ್ಯ ಆರಿಸಿಕೊಳ್ಳೋಣ ಅಂದರೆ ಅದೂ ಇಲ್ಲ. ಯಾವ ಭಾನುವಾರ ಯಾವ ಬೈಬಲ್ ಪಾಠ ಅಂತ ಸಿ.ಎಸ್.ಐ., ಅಂದರೆ ನಮ್ಮ ಚರ್ಚ್ ಆಫ್ ಸೌತ್ ಇಂಡಿಯಾ, ಮೊದಲೇ ಪಟ್ಟಿ ಮಾಡಿ ಅಚ್ಚು ಹಾಕಿಸಿರುತ್ತದೆ. ಶನಿವಾರ ಸಂಜೆವರೆಗೆ ಸ್ಮಶಾನದಲ್ಲಿ ನಿಂತಿದ್ದವರು ಭಾನುವಾರ ಬೆಳಗ್ಗೆ ಸಂತೋಷದ ವಿಷಯವಾಗಿ ಮಾತಾಡಬೇಕು. ಮಾತಾಡುತ್ತಾರೆ ಕೂಡ.

ಹೋಲಿಸಿ ನೋಡುವ ಈ ಚಾಳಿ ಯೂಟ್ಯೂಬಿನಿಂದ ಬಂದದ್ದಲ್ಲ. ಬೈಬಲ್ ಕಾಲದಲ್ಲಿ, ಅಪೊಸ್ತಲ ಪೌಲ ಪತ್ರ ಬರೆದ ಕೊರಿಂಥದ ಸಭೆಯಲ್ಲೇ ಇತ್ತು. 'ನಾನು ಪೌಲನವನು', 'ನಾನು ಅಪೊಲ್ಲೋಸನವನು' ಅಂತ ಅವರು ಪಾರ್ಟಿ ಮಾಡಿಕೊಂಡಿದ್ದರು. ಅಪೊಲ್ಲೋಸ ಅಲೆಕ್ಸಾಂದ್ರಿಯದವನು, ಒಳ್ಳೆ ಮಾತುಗಾರ. ಪೌಲನ ಬಗ್ಗೆ ಏನಂದರು ಗೊತ್ತಾ? ಪತ್ರವೇನೋ ಜೋರಾಗಿ ಬರೀತಾನೆ, ಎದುರಿಗೆ ಬಂದರೆ ಆಳಿಗೆ ದಮ್ಮಿಲ್ಲ, ಮಾತು ಸಪ್ಪೆ ಅಂತ. ತ್ರೋವ ಅನ್ನೋ ಊರಲ್ಲಂತೂ ಪೌಲ ಮಧ್ಯರಾತ್ರಿವರೆಗೆ ಮಾತಾಡಿದ. ಕಿಟಕಿಯಲ್ಲಿ ಕೂತಿದ್ದ ಯೂತಿಖ ಅನ್ನೋ ಹುಡುಗ ತೂಕಡಿಸಿ ಮೂರನೇ ಅಂತಸ್ತಿನಿಂದ ಕೆಳಗೆ ಬಿದ್ದ. ಪೌಲ ಇಳಿದು ಹೋಗಿ ಅವನನ್ನು ಎಬ್ಬಿಸಿ, ಮೇಲೆ ಬಂದು ರೊಟ್ಟಿ ಮುರಿದು, ಬೆಳಗಾಗುವ ತನಕ ಮಾತು ಮುಂದುವರಿಸಿದ! ನಮ್ಮವರು ಇಪ್ಪತ್ತೈದು ನಿಮಿಷಕ್ಕೆ ಮುಗಿಸುತ್ತಾರೆ. ನಮ್ಮ ಚರ್ಚೂ ಒಂದೇ ಅಂತಸ್ತು.

ಹಾಗಂತ ನಮ್ಮ ಅಯ್ಯನವರು ಮರೆಯಲ್ಲಿರುವ ದೊಡ್ಡ ವಾಗ್ಮಿ ಅಂತ ನಾನು ಹೇಳುತ್ತಿಲ್ಲ. ಅಲ್ಲ. ನನಗೆ ಅವರ ಪ್ರಸಂಗ ಬೇಕಾಗಿರುವುದು ಬೇರೆ ಕಾರಣಕ್ಕೆ. ಒಂದು ಸಲ ಯೇಸು ಹೇಳಿದ ಬಿತ್ತುವವನ ಸಾಮ್ಯ, ಅಂದರೆ ದೃಷ್ಟಾಂತ ಕಥೆ, ಬಂತು, ಮತ್ತಾಯನ ಸುವಾರ್ತೆಯ 13ನೇ ಅಧ್ಯಾಯ. ಬೀಜ ದಾರಿಯಲ್ಲಿ ಬಿತ್ತು, ಬಂಡೆಯ ನೆಲದಲ್ಲಿ ಬಿತ್ತು, ಮುಳ್ಳಿನಲ್ಲಿ ಬಿತ್ತು. ಅಯ್ಯನವರು ಎಲ್ಲರೂ ಹೇಳುವುದನ್ನೇ ಹೇಳಿದರು. ಬಾಗಿಲಲ್ಲಿ ಕೈಕುಲುಕುವಾಗ ನಮ್ಮ ಸಭೆಯ ಹಿರಿಯರೊಬ್ಬರು ಅವರ ಕೈ ಹಿಡಿದುಕೊಂಡೇ ನಿಂತರು. ಮೂಲದಲ್ಲಿ ನಾಗಮಂಗಲದ ಕಡೆಯ ಒಕ್ಕಲು ಮಕ್ಕಳು, ಈಗ ಮೈಸೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. 'ಅಯ್ನೋರೆ, ಆ ಊರಲ್ಲಿ ಕೂರ್ಗೆ ಇರ್ಲಿಲ್ವಾ? ದಾರಿ ಮ್ಯಾಲೆಲ್ಲ ಚೆಲ್ಕಂಡು ಓದ್ರೆ ಬಿತ್ನೆ ಎಲ್ಲಿಂದ ತರದು?'

ಪ್ರಶ್ನೆ ನ್ಯಾಯವಾದದ್ದೇ. ಕೂರಿಗೆಯಲ್ಲಿ ಬಿದಿರಿನ ಕೊಳವೆಯೊಳಗಿಂದ ಕಾಳು ಸಾಲಾಗಿ ಮಣ್ಣಿಗಿಳಿಯುತ್ತದೆ. ದಾರಿಗೆ ಬೀಳುವ ಮಾತೇ ಇಲ್ಲ. ಅಯ್ಯನವರು ನಕ್ಕು, ನೋಡಿ ಹೇಳ್ತೀನಿ ಅಂದರು. ಮುಂದಿನ ಭಾನುವಾರ ಪಾಠ ಬೇರೆಯಿದ್ದರೂ ಮಾತು ಶುರುವಾಗಿದ್ದು ಕೂರಿಗೆಯಿಂದ. ಅಲ್ಲಿ ಕೈಯಲ್ಲಿ ಎರಚಿ ಬಿತ್ತುತ್ತಿದ್ದರು, ನಮ್ಮ ಚೆಲ್ಲು ಬಿತ್ತನೆಯ ಹಾಗೆ. 'ಆದರೂ ದಂಡ ಅನ್ನೋದು ನಿಜ. ಈ ಬಿತ್ತುವವನು ದಂಡ ಲೆಕ್ಕ ಹಾಕೋನಲ್ಲ, ಯಾಕಂದರೆ ಬೆಳೆ ನೂರರಷ್ಟು ಬಂತು' ಅಂದರು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು. ಬಾಗಿಲಲ್ಲಿ ಹಿರಿಯರು ಮತ್ತೆ ಕಾದಿದ್ದರು. 'ನೂರು ಏನ್ ಮಹಾ ಅಯ್ನೋರೆ? ಎಕ್ರೆಗೆ ಐದು ಕೆಜಿ ರಾಗಿ ಬಿತ್ತಿ ಹತ್ತು ಕ್ವಿಂಟಾಲ್ ಬೆಳೀತೀವಿ. ನೂರರಷ್ಟು ಅಂದ್ರೆ ಅದು ಮಳೆ ಕೈಕೊಟ್ಟ ವರ್ಸ!'

ಐದು ಕೆಜಿಗೆ ಸಾವಿರ ಕೆಜಿ. ಲೆಕ್ಕ ಹಾಕಿ, ಇನ್ನೂರರಷ್ಟು. ಯೇಸು ಹೇಳಿದ ಕಥೆ ನಾಗಮಂಗಲದಲ್ಲಿ ಬರಗಾಲದ ಕಥೆಯಾಗಿಬಿಟ್ಟಿತ್ತು. ಮೂರನೇ ಭಾನುವಾರ ಅಯ್ಯನವರು ಗೋಧಿ, ಜವೆಗೋಧಿ ವಿಷಯ ಎತ್ತಬೇಕಾಯಿತು. ಅವು ರಾಗಿಯಷ್ಟು ಧಾರಾಳಿಗಳಲ್ಲ, ಆ ಕಾಲದ ಗೋಧಿಗೆ ನೂರರಷ್ಟು ಅಂದರೆ ಕೇಳಿದವರು ಬಾಯಿ ಬಿಡಬೇಕಿತ್ತು ಅಂತ. ಹಿರಿಯರು ಬೆಂಚಿನಿಂದಲೇ ತಲೆಯಾಡಿಸಿದರು.

ಆ ಸಾಮ್ಯವನ್ನು ಎಷ್ಟೋ ಸಲ ಕೇಳಿದ್ದೇನೆ, ಬಾಯಿಪಾಠವೂ ಇದೆ. ಬಿತ್ತುವವನ ಕೈಯಲ್ಲಿ ಬೀಜ ಇದೆ ಅಂತ ಅನಿಸಿದ್ದು ಮಾತ್ರ ಆ ಮೂರು ವಾರಗಳಲ್ಲಿ. ಕೋಟು ಹಾಕಿದವರಿಗೂ ಕಾಮೆಂಟಿನಲ್ಲಿ ಈ ಪ್ರಶ್ನೆ ಕೇಳಬಹುದು, ಯಾರು ಬೇಡ ಅಂದರು? ಮುಂದಿನ ಭಾನುವಾರ ಉತ್ತರ ಬರುವುದಿಲ್ಲ ಅಷ್ಟೆ. ನಾವು ಯಾವ ಕಾಳಿನ ಜನ ಅಂತಲೂ ಅವರಿಗೆ ಗೊತ್ತಿಲ್ಲ.

ತಮಾಷೆ ಅಂದರೆ ನಮ್ಮ ಸಭೆಗಳ ಬೇರು ವೆಸ್ಲಿಯನ್ ಮಿಷನ್‌ನಲ್ಲಿದೆ, ಆ ಪಂಥದ ಮೂಲಪುರುಷ, ಇಂಗ್ಲೆಂಡಿನ ಜಾನ್ ವೆಸ್ಲಿಗೇ ಹೀಗೆ ಒಬ್ಬರೇ ಒಂದೇ ಊರಲ್ಲಿ ನಿಂತು ಪ್ರಸಂಗ ಮಾಡುವುದು ಒಪ್ಪಿಗೆಯಿರಲಿಲ್ಲ. ಒಂದೇ ಊರಲ್ಲಿ ಒಂದು ವರ್ಷ ಪೂರ್ತಿ ಪ್ರಸಂಗ ಮಾಡಿದರೆ ನಾನೂ ನಿದ್ದೆ ಹೋಗ್ತೀನಿ, ಸಭೆಯ ಮುಕ್ಕಾಲು ಜನವೂ ನಿದ್ದೆ ಹೋಗ್ತಾರೆ ಅನ್ನೋ ಅರ್ಥದಲ್ಲಿ 1756ರಲ್ಲಿ ಒಂದು ಪತ್ರ ಬರೆದಿದ್ದ. ಅದಕ್ಕೇ ತನ್ನ ಪ್ರಸಂಗಿಗಳನ್ನು ಊರಿಂದೂರಿಗೆ ಓಡಾಡಿಸುತ್ತಲೇ ಇದ್ದ. ಸ್ವತಃ ಕುದುರೆಯಿಂದ ಇಳಿದವನೇ ಅಲ್ಲ. ಅವನಿಗೆ ನಿದ್ದೆ ಬರುತ್ತಿತ್ತೇನೋ. ನನಗೆ ಮೊದಲ ವರ್ಷದ ಪ್ರಸಂಗಗಳಲ್ಲೇ ತೂಕಡಿಕೆ ಜಾಸ್ತಿ. ಹೊಸದಾಗಿ ಬಂದವರಿಗೆ ಯಾರ ಮನೆಯಲ್ಲಿ ಏನು ನಡೀತಿದೆ ಅಂತ ತಿಳಿದಿರುವುದಿಲ್ಲ, ಪುಸ್ತಕದಲ್ಲಿದ್ದದ್ದನ್ನು ಹೇಳಿ ಇಳಿಯುತ್ತಾರೆ. ನಾಲ್ಕು ಮನೆ ಪ್ರಾರ್ಥನೆ, ಎರಡು ಮಣ್ಣು, ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಯಲ್ಲಿ ಒಂದು ಜಗಳ ಆಗಬೇಕು. ಆಮೇಲೆ ನೋಡಿ, ಮಾತಿಗೆ ಉಪ್ಪು ಹತ್ತುತ್ತದೆ.

ಅಷ್ಟರಲ್ಲಿ ವರ್ಗಾವಣೆ. ಈಗ ಅದೇ ಸುದ್ದಿ ಓಡಾಡುತ್ತಿದೆ. ಕಮಿಟಿಯವರು ಬರುವವರ ಪ್ರಸಂಗ ಯೂಟ್ಯೂಬ್‌ನಲ್ಲಿ ಇದೆಯಾ ಅಂತ ಹುಡುಕುತ್ತಿದ್ದಾರೆ. ಕರಾವಳಿ ಕಡೆಯವರಂತೆ. ಭತ್ತ ಗೊತ್ತಿರುತ್ತದೆ, ಮೀನು ಗೊತ್ತಿರುತ್ತದೆ. ರಾಗಿ ವಿಷಯ ನಾವೇ ಹೇಳಿಕೊಡಬೇಕು.