ಎರಡು ಎಲೆ, ಒಂದೇ ಹುಳ

ಗೆಳತಿಯೊಬ್ಬಳು ಇವತ್ತು ಹೊಸ ಓಲೆ ತೋರಿಸಿದಳು. ಬೆಳ್ಳಿಯದು, ಎಲೆಯ ಆಕಾರ. ಅಂಚಿನಲ್ಲಿ ಹುಳ ತಿಂದ ಹಾಗೆ ಪುಟ್ಟ ತೂತು. ಜೊತೆಗಿದ್ದ ಚೀಟಿಯಲ್ಲಿ 'ಕೈಯಲ್ಲೇ ಮಾಡಿದ್ದು, ಪ್ರಕೃತಿಯಲ್ಲಿರುವಂತೆ ಒಂದರ ಹಾಗೆ ಇನ್ನೊಂದಿಲ್ಲ' ಅಂತ ಬರೆದಿತ್ತು. ಎರಡನ್ನೂ ಅಂಗೈ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ. ಅದೇ ತೂತು. ಅದೇ ಜಾಗ. ಮೂರನೇ ನರದ ಮೇಲಿನ ಗೀರು ಕೂಡ ಅದೇ! ಹುಳ ಏನು ಅಳತೆಪಟ್ಟಿ ಹಿಡಿದುಕೊಂಡು ತಿಂದಿತ್ತಾ?

"ಚೆನ್ನಾಗಿದೆ ಕಣೇ" ಅಂದೆ. ಬಾಯಿ ಮುಚ್ಚಿಕೊಂಡು ಬಂದಿದ್ದಕ್ಕೆ ಸಿಟ್ಟು ಇನ್ನೂ ಜಾಸ್ತಿಯಾಗಿ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ.

ನಾನೂ ಬೆಳ್ಳಿ ಒಡವೆ ಮಾಡುತ್ತೇನೆ, ಸುತ್ತಿಗೆ, ಅರ ಹಿಡಿದು ಕೂತು ಬೆರಳು ಸುಟ್ಟುಕೊಂಡಿದ್ದೇನೆ. ನಿಜವಾದ ಎಲೆಯನ್ನೇ ಬೆಳ್ಳಿ ಮಾಡಬೇಕಾದರೆ ಅದರ ಬೆನ್ನಿಗೆ ತೆಳ್ಳಗೆ ಮೇಣ ಬಳಿದು, ಪ್ಲಾಸ್ಟರಿನಲ್ಲಿ ಹುದುಗಿಸಿ, ಸುಮಾರು 700 ಡಿಗ್ರಿವರೆಗೆ ಕಾಯಿಸಬೇಕು. ಎಲೆ ಸುಟ್ಟು ಹೋಗುತ್ತದೆ, ಅದು ಇದ್ದ ಜಾಗ ಮಾತ್ರ ಖಾಲಿ ಉಳಿಯುತ್ತದೆ. ಕರಗಿದ ಬೆಳ್ಳಿ ಅಲ್ಲಿಗೆ ಹೋಗಬೇಕು. ತುದಿಯವರೆಗೆ ಹೋಗಲಿಲ್ಲವೋ, ಎಲೆಯೂ ಇಲ್ಲ, ಓಲೆಯೂ ಇಲ್ಲ. ಒಂದು ಎಲೆಗೆ ಒಂದೇ ಸಲ.

ಗೆಳತಿಯ ಓಲೆ ತಯಾರಿಸಿದವರು ಮಾಡಿದ್ದು ಬೇರೆ. ಒಂದು ಎಲೆಯಿಂದ ರಬ್ಬರ್ ಅಚ್ಚು ತೆಗೆದು, ಅದರಲ್ಲಿ ಮೇಣದ ಎಲೆಗಳನ್ನು ಮಾಡಿ, ಎಲ್ಲವನ್ನೂ ಒಂದು ಮೇಣದ ಕಾಂಡಕ್ಕೆ ಅಂಟಿಸಿ ಒಟ್ಟಿಗೆ ಎರಕ ಹೊಯ್ದಿದ್ದಾರೆ. ಕಸುಬಿನವರು ಅದನ್ನು 'ಟ್ರೀ' ಅಂತಲೇ ಕರೆಯುತ್ತಾರೆ. ಎಲ್ಲ ಕೊಂಬೆಯಲ್ಲೂ ಒಂದೇ ಎಲೆ ಬಿಡುವ ಮರ!

'ಹಾಗೆ ಮಾಡಿದರೆ ತಾನೇ ಕಮ್ಮಿ ಬೆಲೆಗೆ ಸಿಗೋದು' ಅಂತೀರಿ. ಸಿಗಲಿ ಬಿಡಿ. ಅಗ್ಗ ಆದರೆ ಕೀಳು ಅಂತ ನಾನೆಲ್ಲಿ ಹೇಳಿದೆ? 1900ರ ಆಸುಪಾಸಿನಲ್ಲಿ ಫ್ರಾನ್ಸಿನ ರೆನೆ ಲಾಲಿಕ್ ಪ್ರಾಣಿಯ ಕೊಂಬು, ಗಾಜಿನಂಥ ಅಗ್ಗದ ವಸ್ತುಗಳನ್ನೂ ಬಳಸಿ ಗಿಡ, ಹೂವಿನ ಆಭರಣ ಮಾಡಿದರು. ಅವು ಇವತ್ತು ಮ್ಯೂಸಿಯಮ್ಮಿನಲ್ಲಿವೆ. ಅಚ್ಚಿನ ಮೇಲೂ ನನಗೆ ಸಿಟ್ಟಿಲ್ಲ, ಕೊಂಡಿಗಳಿಗೆ ನಾನೂ ಅಚ್ಚು ಬಳಸುತ್ತೇನೆ. ಸಿಟ್ಟು ಆ ಚೀಟಿಯ ಮೇಲೆ. ಊನಕ್ಕೂ ಅಚ್ಚು ಹಾಕಿದ ಮೇಲೆ ಅದು ಊನ ಹೇಗಾಗುತ್ತೆ? ಡಿಸೈನ್ ಅನ್ನಿ, ಸುಮ್ಮನಿರುತ್ತೇನೆ.

ಹಾಂ, ನಾನೇನು ಸಾಚಾ ಅಲ್ಲ. ಮೊದಲ ವರ್ಷ ಎಲೆಗೆ ತೊಟ್ಟು ಬೆಸೆಯುವಾಗ ಬೆಂಕಿ ಜಾಸ್ತಿ ಹೊತ್ತು ಹಿಡಿದುಬಿಟ್ಟೆ. 92.5 ಬೆಳ್ಳಿ (ನೂರಕ್ಕೆ 92.5 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ) 900 ಡಿಗ್ರಿ ಮುಟ್ಟುವ ಮೊದಲೇ ನೀರಾಗುತ್ತದೆ. ಅಂಚು ಫಳಕ್ಕನೆ ಹೊಳೆಯಿತು, ತೂತು ಬಿತ್ತು. ಕೊಳ್ಳಲು ಬಂದವರಿಗೆ 'ಹುಳ ತಿಂದ ಎಲೆ' ಅಂದೆ. ಅವರು ಕಣ್ಣರಳಿಸಿ ತಗೊಂಡರು. ಆಸೆ ಹತ್ತಿತು. ಮುಂದಿನ ಎಲೆಗೆ ಬೇಕಂತಲೇ ಡ್ರಿಲ್ ಇಟ್ಟೆ. ಅಂಗಿ ಗುಂಡಿಯ ತೂತಿನ ಹಾಗೆ ದುಂಡಗೆ ಬಂತು. ಮಾರಲು ಮುಖ ಬರಲಿಲ್ಲ, ಇನ್ನೂ ಡಬ್ಬಿಯಲ್ಲೇ ಬಿದ್ದಿದೆ.

ಇದನ್ನು ಅವಳೂ ಓದುತ್ತಾಳೆ. ಓಲೆ ನಿನಗೆ ನಿಜವಾಗಲೂ ಒಪ್ಪುತ್ತೆ ಕಣೇ. ಆ ಚೀಟಿ ಮಾತ್ರ ಹರಿದು ಬಿಸಾಕು.